ಸ್ಪೋರ್ಟ್ಸ್ ಕಾರಿಗೆ ರಿಮೋಟ್ ಡೋರ್ ಓಪನರ್ ಕೂರಿಸುವುದು ಹೇಗೆ: ಅಳತೆಯಿಂದ ಟೆಸ್ಟಿಂಗ್‌ವರೆಗೆ

ರಿಮೋಟ್ ಲಾಕ್ ಬೇರೆ, ರಿಮೋಟ್ ಡೋರ್ ಓಪನರ್ ಬೇರೆ. ಸೆಂಟ್ರಲ್ ಲಾಕಿಂಗ್ ಇರುವ ಕಾರಿನಲ್ಲಿ ರಿಮೋಟ್ ಒತ್ತಿದರೆ ಲಾಕ್ ಮಾತ್ರ ಬಿಡುತ್ತದೆ. ಹ್ಯಾಂಡಲ್ ಎಳೆಯುವ ಕೆಲಸ ನಮಗೇ ಉಳಿಯುತ್ತದೆ. ಓಪನರ್ ಆ ಹ್ಯಾಂಡಲ್‌ನ ಕೆಲಸವನ್ನೇ ಮಾಡುತ್ತದೆ. ಬಟನ್ ಒತ್ತಿದ ಕೂಡಲೇ ಲ್ಯಾಚ್ (ಬಾಗಿಲನ್ನು ಹಿಡಿದಿಡುವ ಕೊಂಡಿಯ ಸಾಧನ) ಬಿಟ್ಟು, ಬಾಗಿಲು ಟಕ್ ಅಂತ ನಾಲ್ಕು ಬೆರಳು ತೂರುವಷ್ಟು ತೆರೆದುಕೊಳ್ಳುತ್ತದೆ.

ಇದು ಹೊಸದೇನಲ್ಲ. ಹೊರಗಿನ ಹ್ಯಾಂಡಲ್ ಕಿತ್ತು ಬಾಗಿಲನ್ನು ನುಣುಪಾಗಿ ಮಾಡುವ ಶೋಕಿ ಅಮೆರಿಕದ ಕಸ್ಟಮ್ ಕಾರುಗಳಲ್ಲಿ 1950ರ ದಶಕದಲ್ಲೇ ಇತ್ತು. ಬ್ರಿಟನ್ನಿನ ಟಿವಿಆರ್ ಕಂಪನಿ ತನ್ನ ಸರ್ಬೆರಾ ಕಾರಿನ ಬಾಗಿಲಿಗೆ ಹ್ಯಾಂಡಲ್ಲನ್ನೇ ಕೊಡಲಿಲ್ಲ, ಸೈಡ್ ಕನ್ನಡಿಯ ಅಡಿಯಲ್ಲಿ ಒಂದು ಬಟನ್ ಇಟ್ಟಿತು. ಫೈಬರ್ ಬಾಡಿಯ ಕಿಟ್ ಕಾರು (ಬಿಡಿಭಾಗ ತರಿಸಿ ತಾವೇ ಜೋಡಿಸುವ ಕಾರು) ಕಟ್ಟುವವರಿಗಂತೂ ಇದು ಅಂದದ ವಿಷಯಕ್ಕಿಂತ ಅನುಕೂಲದ ವಿಷಯ. ಬಾಡಿಗೆ ಹೊಂದುವ ಹ್ಯಾಂಡಲ್ ಹುಡುಕಿ, ಅದಕ್ಕೆ ಸರಿಯಾದ ಗುಂಡಿ ಕೊರೆದು ಕೂರಿಸುವುದಕ್ಕಿಂತ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಲ್ಯಾಚ್ ಎಳೆಯುವ ಸಾಧನ) ಹಾಕುವುದೇ ಎಷ್ಟೋ ಸಲೀಸು.

ವೈರಿಂಗ್ ಕೈಗೆ ಹತ್ತಿದವರಿಗೆ ಈ ಕೆಲಸ ಕಷ್ಟವಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಕಡೆ: ಕರೆಂಟ್ ಇಲ್ಲದಿದ್ದಾಗ ಒಳಗಿರುವವರು ಹೊರಗೆ ಬರುವುದು ಹೇಗೆ, ಹೊರಗಿರುವವರು ಒಳಗೆ ಹೋಗುವುದು ಹೇಗೆ? 2015ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 2007ರ ಮಾಡೆಲ್ ಕಾರ್ವೆಟ್ ಒಳಗೆ ಸಿಕ್ಕಿಕೊಂಡು ಒಬ್ಬ ಹಿರಿಯರು ಮತ್ತು ಅವರ ನಾಯಿ ಬಿಸಿಲಿನ ಕಾವಿಗೆ ಸತ್ತರು. ಆ ಕಾರಿನ ಬಾಗಿಲು ತೆರೆಯುವುದು ಎಲೆಕ್ಟ್ರಿಕ್ ಬಟನ್‌ನಿಂದ. ಬ್ಯಾಟರಿ ಕೇಬಲ್ ಸಡಿಲವಾಗಿ ಕರೆಂಟ್ ಹೋಗಿತ್ತು. ಸೀಟಿನ ಪಕ್ಕ, ನೆಲದ ಹತ್ತಿರ, ಕೈಯಿಂದ ಎಳೆಯುವ ಲಿವರ್ ಇತ್ತು. ಅದು ಅವರಿಗೆ ಗೊತ್ತಾಗಲಿಲ್ಲ. ಕಂಪನಿಯೇ ಕೊಟ್ಟ ವ್ಯವಸ್ಥೆಯಲ್ಲಿ ಹೀಗಾದರೆ, ನಾವು ಮನೆಯಲ್ಲಿ ಕೂರಿಸುವುದರಲ್ಲಿ ಎಷ್ಟು ಎಚ್ಚರ ಬೇಕು ಅಲ್ವಾ? ಅದಕ್ಕೇ ಇಲ್ಲಿ ಕೈಯಿಂದ ಎಳೆಯುವ ದಾರಿ ಮೊದಲು, ಕರೆಂಟಿನ ದಾರಿ ಆಮೇಲೆ.

ಕೈ ಹಾಕುವ ಮೊದಲು ನೋಡಬೇಕಾದದ್ದು

ಎಲ್ಲ ಕಾರಿಗೂ ಇದನ್ನು ಹಾಕಬಾರದು. ಬಾಗಿಲಿನೊಳಗೆ ಸೈಡ್ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇದ್ದರೆ ಜಾಗ ಸಿಕ್ಕಲ್ಲೆಲ್ಲ ತೂತು ಕೊರೆಯುವ ಹಾಗಿಲ್ಲ. ಏರ್‌ಬ್ಯಾಗ್ ವೈರು ಸಾಮಾನ್ಯವಾಗಿ ಹಳದಿ ಕೊಳವೆಯಲ್ಲೋ ಹಳದಿ ಕನೆಕ್ಟರ್‌ನಲ್ಲೋ ಬರುತ್ತದೆ. ಅದಕ್ಕೆ ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬೇಡಿ. ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದಿದ್ದರೆ ಅಂಥ ಬಾಗಿಲನ್ನು ಬಿಚ್ಚದಿರುವುದೇ ಒಳ್ಳೆಯದು.

ಇನ್ನೊಂದು, ಫ್ರೇಮ್ ಇಲ್ಲದ ಕಿಟಕಿ ಗಾಜು. ನಿಸ್ಸಾನ್ 350ಜೆಡ್, ಪೋರ್ಶೆ ಬಾಕ್ಸ್‌ಸ್ಟರ್ ಥರದ ಕಾರುಗಳಲ್ಲಿ ಹ್ಯಾಂಡಲ್ ಎತ್ತಿದ ತಕ್ಷಣ ಗಾಜು ಒಂದಿಷ್ಟು ಕೆಳಗಿಳಿದು, ಆಮೇಲೆ ಬಾಗಿಲು ಬಿಡುತ್ತದೆ. ಗಾಜಿನ ಮೇಲಂಚು ರಬ್ಬರ್ ಬೀಡಿಂಗ್ ಒಳಗೆ ಸಿಕ್ಕಿಕೊಂಡಿರುವುದರಿಂದ ಈ ಏರ್ಪಾಟು. ನೀವು ಸೊಲೆನಾಯ್ಡ್‌ನಿಂದ ನೇರ ಲ್ಯಾಚ್ ಎಳೆದರೆ ಹ್ಯಾಂಡಲ್ ಎತ್ತಿದ ಸುದ್ದಿ ಗಾಜಿಗೆ ಹೋಗುವುದೇ ಇಲ್ಲ. ಬಾಗಿಲು ಗಾಜಿನ ಸಮೇತ ಬೀಡಿಂಗ್ ಹರಿದುಕೊಂಡು ಬರುತ್ತದೆ. ಇಂಥ ಕಾರಿನಲ್ಲಿ ಹ್ಯಾಂಡಲ್ ಒಳಗಿನ ಮೈಕ್ರೋಸ್ವಿಚ್‌ಗೆ ಮೊದಲು ಸಿಗ್ನಲ್ ಕೊಟ್ಟು, ಗಾಜು ಇಳಿದ ಮೇಲೆ ಸೊಲೆನಾಯ್ಡ್ ಎಳೆಯುವಂತೆ ಒಂದು ಟೈಮರ್ ರಿಲೇ (ಸ್ವಲ್ಪ ತಡೆದು ಕರೆಂಟ್ ಕೊಡುವ ಸ್ವಿಚ್) ಹಾಕಬೇಕಾಗುತ್ತದೆ.

ಹೊರಗಿನ ಹ್ಯಾಂಡಲ್ ಕಿತ್ತು ಮುಚ್ಚಬೇಕಾ, ಇಟ್ಟುಕೊಳ್ಳಬೇಕಾ? ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ. ಕೀ ಹಾಕುವ ಲಾಕ್ ಸಮೇತ ಹ್ಯಾಂಡಲ್ ಇದ್ದರೆ ಹೊರಗಿನವರ ತುರ್ತು ದಾರಿ ತಾನಾಗಿಯೇ ಉಳಿಯುತ್ತದೆ. ಕಿತ್ತು ಹಾಕುವುದಾದರೆ ನಿಮ್ಮಲ್ಲಿನ ವಾಹನ ತಪಾಸಣೆ ನಿಯಮವನ್ನೂ ಇನ್ಶೂರೆನ್ಸ್ ಷರತ್ತನ್ನೂ ಮೊದಲೇ ಓದಿಕೊಳ್ಳಿ. ಬಾಗಿಲಿನ ಲ್ಯಾಚ್‌ಗೆ ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 206, ಇನ್ನೂ ಹಲವು ದೇಶಗಳಲ್ಲಿ ವಿಶ್ವಸಂಸ್ಥೆಯ 11ನೇ ರೆಗ್ಯುಲೇಶನ್ ಎಂಬ ನಿಯಮಗಳಿವೆ. ಹಾಗಾಗಿ ಲ್ಯಾಚನ್ನು ಬಿಚ್ಚಿ ಅರೆಯುವುದು, ಅದರ ಸ್ಪ್ರಿಂಗ್ ತೆಗೆದು ಹಗುರ ಮಾಡುವುದು ಯಾವುದನ್ನೂ ಮಾಡಬೇಡಿ. ಲ್ಯಾಚ್ ಹೇಗಿದೆಯೋ ಹಾಗೇ ಇರಬೇಕು. ನಾವು ಅದರ ಲಿವರನ್ನು ಎಳೆಯುವುದಷ್ಟೇ.

ಎಳೆತದ ತೂಕ ಅಳೆಯಿರಿ

ಓಪನರ್ ಕಿಟ್ ಕೊಂಡುಕೊಳ್ಳುವ ಮೊದಲೇ ಇದನ್ನು ಮಾಡಿ. ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದರೆ ಸಾಕು.

ಕಿಟಕಿ ಗಾಜು ಪೂರ್ತಿ ಇಳಿಸಿ, ಡೋರ್ ಟ್ರಿಮ್ (ಬಾಗಿಲಿನ ಒಳಮೈಯ ಹಲಗೆ) ಬಿಚ್ಚಿ. ಲ್ಯಾಚ್‌ನಿಂದ ಹೊರಗಿನ ಹ್ಯಾಂಡಲ್‌ಗೆ ಒಂದು ಕಡ್ಡಿ, ಒಳಗಿನ ಹ್ಯಾಂಡಲ್‌ಗೆ ಇನ್ನೊಂದು ಕಡ್ಡಿ ಅಥವಾ ಕೇಬಲ್ ಹೋಗಿರುತ್ತದೆ. ಹೊರ ಹ್ಯಾಂಡಲ್‌ನ ಲಿವರಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ. ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರ್‌ನಿಂದ ಲ್ಯಾಚ್‌ನ ಕೊಂಡಿಯನ್ನು ಎರಡು ಸಲ ಟಕ್ ಟಕ್ ಅನ್ನುವವರೆಗೆ ತಿರುಗಿಸಿ, ಪೂರ್ತಿ ಲಾಕ್ ಸ್ಥಿತಿಗೆ ತನ್ನಿ. ಈಗ ಮೆಲ್ಲಗೆ ಎಳೆಯಿರಿ. ಕೊಂಡಿ ಬಿಡುವ ಹೊತ್ತಿಗೆ ಮುಳ್ಳು ಎಲ್ಲಿದೆ ನೋಡಿಕೊಳ್ಳಿ. ಲಿವರ್ ಎಷ್ಟು ಮಿಲಿಮೀಟರ್ ಸರಿಯಿತು ಅನ್ನುವುದನ್ನೂ ಸ್ಕೇಲ್ ಹಿಡಿದು ಬರೆದುಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಬೇಡಿ. ನೀವು ಒಳಗೆ ಕೂತು, ಬಾಗಿಲು ಹಾಕಿ, ಅದೇ ಅಳತೆ ಇನ್ನೊಮ್ಮೆ ತೆಗೆಯಿರಿ. ಒಳ ಹ್ಯಾಂಡಲ್ ಇನ್ನೂ ಇದೆ, ಗಾಜೂ ಇಳಿದಿದೆ, ಹಾಗಾಗಿ ಸಿಕ್ಕಿಕೊಳ್ಳುವ ಭಯವಿಲ್ಲ. ಈ ಸಲ ತಕ್ಕಡಿ ಜಾಸ್ತಿ ತೋರಿಸುತ್ತದೆ. ಬೀಡಿಂಗ್ ಬಾಗಿಲನ್ನು ಹೊರಗೆ ನೂಕುತ್ತಿರುವುದರಿಂದ ಲ್ಯಾಚ್‌ನ ಹಲ್ಲುಗಳು ಸ್ಟ್ರೈಕರ್ (ಬಾಡಿಯ ಕಂಬದಲ್ಲಿ ಲ್ಯಾಚ್ ಕಚ್ಚಿಕೊಳ್ಳುವ ಭಾಗ) ಮೇಲೆ ಬಿಗಿಯಾಗಿ ಕೂತಿರುತ್ತವೆ. ಸೊಲೆನಾಯ್ಡ್ ದಿನಾ ಎಳೆಯಬೇಕಾದದ್ದು ಈ ಎರಡನೇ ತೂಕವನ್ನು.

ಅಳತೆ ತೀರಾ ಜಾಸ್ತಿ ಬಂದರೆ ದೊಡ್ಡ ಸೊಲೆನಾಯ್ಡ್ ಹುಡುಕಿಕೊಂಡು ಓಡಬೇಡಿ. ಮೊದಲು ಲ್ಯಾಚ್ ತೊಳೆದು ಗ್ರೀಸ್ ಹಾಕಿ. ಬಾಗಿಲಿನ ಹಿಂಜ್ ಜೋತುಬಿದ್ದಿದೆಯಾ, ಸ್ಟ್ರೈಕರ್ ಓರೆಯಾಗಿದೆಯಾ ನೋಡಿ. ಹಳೆ ಕಾರಿನಲ್ಲಿ ಅರ್ಧ ಭಾರ ಇಲ್ಲೇ ಕಳೆದುಹೋಗುವುದುಂಟು.

ಯಾವ ಸೊಲೆನಾಯ್ಡ್?

ಸೆಂಟ್ರಲ್ ಲಾಕಿಂಗ್‌ಗೆ ಬಳಸುವ ಚಿಕ್ಕ ಮೋಟರ್ ಆಕ್ಚುಯೇಟರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಎಳೆತ ಕೆಲವೇ ಕೆಜಿ. ಲಾಕ್ ಎತ್ತಲು ಅಷ್ಟು ಸಾಕು, ಬೀಡಿಂಗ್ ನೂಕುತ್ತಿರುವ ಲ್ಯಾಚ್ ಬಿಡಿಸಲು ಸಾಲದು. ಬಾಗಿಲು ತೆರೆಯಲೆಂದೇ ಮಾರುವ ಸೊಲೆನಾಯ್ಡ್‌ಗಳು ಸುಮಾರು 15ರಿಂದ 25 ಕೆಜಿ ಎಳೆತದವು. ಬಾಗಿಲು ಹಾಕಿ ಅಳೆದ ತೂಕದ ಎರಡರಷ್ಟು ಶಕ್ತಿಯದ್ದು ತೆಗೆದುಕೊಳ್ಳಿ. 9 ಕೆಜಿ ಬಂದಿದ್ದರೆ 18 ಕೆಜಿಯದ್ದು.

ಎರಡರಷ್ಟು ಯಾಕೆ ಅಂದರೆ, ಡಬ್ಬಿಯ ಮೇಲೆ ಬರೆದ ತೂಕ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ಸೊಲೆನಾಯ್ಡ್ ಒಂದು ತಾಮ್ರದ ಸುರುಳಿ, ಅದರೊಳಗೆ ಒಂದು ಕಬ್ಬಿಣದ ದಿಂಡು. ದಿಂಡು ಹೊರಗೆ ಚಾಚಿದ್ದಾಗ ಎಳೆತ ತೀರಾ ಕಡಿಮೆ. ಒಳಗೆ ಹೋದಷ್ಟೂ ಏರುತ್ತದೆ. ಕೊನೆಯ ಕೆಲವು ಮಿಲಿಮೀಟರಿನಲ್ಲಿ ಮಾತ್ರ ಪೂರ್ತಿ ಬಲ. ಹಾಗಾಗಿ ದಿಂಡು ಮೊದಲು ಸ್ವಲ್ಪ ದೂರ ಖಾಲಿ ಓಡಿ, ವೇಗ ಹಿಡಿದು, ಆಮೇಲೆ ಲ್ಯಾಚನ್ನು ಎಳೆಯುವಂತೆ ಕೇಬಲ್ ಬಿಡಬೇಕು. ಅಂದರೆ ಕೇಬಲ್‌ನಲ್ಲಿ ಒಂದಿಷ್ಟು ಸಡಿಲ ಬೇಕೇ ಬೇಕು. ದಿಂಡಿನ ಓಟ 25 ಮಿಲಿಮೀಟರ್, ಲ್ಯಾಚ್‌ಗೆ ಬೇಕಾದದ್ದು 12 ಅಂತಿದ್ದರೆ, ಮೊದಲ 10 ಮಿಲಿಮೀಟರ್ ಖಾಲಿ ಓಡಲಿ.

ಎಷ್ಟೋ ಜನ ಕೇಬಲನ್ನು ತಂತಿ ವಾದ್ಯದ ಹಾಗೆ ಬಿಗಿದು ಕಟ್ಟಿ, ಎಳೆಯುವುದಿಲ್ಲ ಅಂತ ದೂರುತ್ತಾರೆ. ಸಡಿಲ ಬಿಟ್ಟು ನೋಡಿ, ಅದೇ ಸೊಲೆನಾಯ್ಡ್ ಸರಾಗವಾಗಿ ಎಳೆಯುತ್ತದೆ.

ಉಳಿದ ಸಾಮಾನು: 12 ವೋಲ್ಟ್‌ನ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಬಾಗಿಲಿಗೊಂದು, ಇಗ್ನಿಷನ್ ಕಟ್‌ಗೆ (ಇಗ್ನಿಷನ್ ಆನ್ ಇರುವಾಗ ರಿಮೋಟ್ ಕೆಲಸ ಮಾಡದಂತೆ ತಡೆಯಲು) ಬಾಗಿಲಿಗೊಂದು ಐದು ಪಿನ್ನಿನ ರಿಲೇ, ರೋಲಿಂಗ್ ಕೋಡ್ (ಒತ್ತಿದ ಪ್ರತಿ ಸಲ ಬದಲಾಗುವ ಗುಪ್ತ ಸಂಕೇತ) ಇರುವ ರಿಸೀವರ್ ಮತ್ತು ಎರಡು ರಿಮೋಟ್, ಫ್ಯೂಸ್ ಹೋಲ್ಡರ್‌ಗಳು, 4 ಚದರ ಮಿಲಿಮೀಟರ್ ದಪ್ಪದ ಮೆದು ವೈರು, ಸಿಗ್ನಲ್‌ಗೆ ತೆಳು ವೈರು, ರಬ್ಬರ್ ಗ್ರೊಮೆಟ್ (ವೈರು ಉಜ್ಜದಂತೆ ತೂತಿನ ಅಂಚಿಗೆ ಹಾಕುವ ಬಳೆ), ಡಯೋಡ್‌ಗಳು, ಒಂದೂವರೆ ಮಿಲಿಮೀಟರಿನ ಉಕ್ಕಿನ ಕೇಬಲ್. ಸೈಕಲ್ ಬ್ರೇಕ್ ಕೇಬಲ್ ಇದಕ್ಕೆ ಹೇಳಿ ಮಾಡಿಸಿದ್ದು. ಹೊರಕವಚದ ಸಮೇತ ಸಿಗುತ್ತದೆ, ತುದಿಯ ಗುಂಡೂ ಗಟ್ಟಿ. ಬಾಗಿಲನ್ನು ಹೊರಗೆ ನೂಕಲು ಡೋರ್ ಪಾಪರ್ ಎಂಬ ಸ್ಪ್ರಿಂಗ್ ಮೊಳೆಯೂ ಬಾಗಿಲಿಗೊಂದು ಬೇಕು.

ಮೊದಲ ಕೆಲಸ: ಕೈಯಿಂದ ಎಳೆಯುವ ಕೇಬಲ್

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಏರ್‌ಬ್ಯಾಗ್ ಇರುವ ಕಾರಾದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ.

ಒಳಗಿನ ಹ್ಯಾಂಡಲ್ ಮುಟ್ಟಬೇಡಿ. ಅದು ಕಡ್ಡಿಯಿಂದಲೋ ಕೇಬಲ್‌ನಿಂದಲೋ ನೇರ ಲ್ಯಾಚ್‌ಗೆ ಹೋಗಿರಬೇಕು. ನಡುವೆ ಕರೆಂಟಿನ ಸ್ವಿಚ್ ಬರಬಾರದು. ಕಿಟ್ ಕಾರಿನಲ್ಲಿ ಒಳ ಹ್ಯಾಂಡಲ್ ಇಲ್ಲದಿದ್ದರೆ, ಚರ್ಮದ ಪಟ್ಟಿಯೋ ಉಂಗುರವೋ ಯಾವುದಾದರೂ ಒಂದನ್ನು ಕೇಬಲ್‌ಗೆ ಕಟ್ಟಿ ಡೋರ್ ಟ್ರಿಮ್ ಮೇಲೆ ಎದ್ದು ಕಾಣುವಂತೆ ಬಿಡಿ. ಕಾರ್ಪೆಟ್ ಅಡಿಯಲ್ಲಿ ಅಡಗಿಸಿದರೆ ಅದು ನಿಮಗೆ ಮಾತ್ರ ಗೊತ್ತಿರುತ್ತದೆ. ಪಕ್ಕದ ಸೀಟಿನವರಿಗೆ ಗೊತ್ತಿರುವುದಿಲ್ಲ.

ಹೊರಗಿನವರಿಗೆ ದಾರಿ ಬೇಕು. ಹ್ಯಾಂಡಲ್ ಉಳಿಸಿಕೊಂಡಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಇಲ್ಲದಿದ್ದರೆ ಲ್ಯಾಚ್ ಲಿವರಿಗೆ ಎರಡನೇ ಕೇಬಲ್ ಕಟ್ಟಿ. ಅದನ್ನು ಹೊರಕವಚದೊಳಗೆ ಹಾಯಿಸಿ, ಹಿಂಜ್ ಕಡೆಯಿಂದ ಬಾಡಿಯೊಳಗೆ ತಂದು, ಮುಂದಿನ ಚಕ್ರದ ಮೇಲಿನ ಕಮಾನಿನೊಳಗೋ ಬಾನೆಟ್ ಅಡಿಯಲ್ಲೋ ಕೈಗೆ ಸಿಗುವ ಗುಟ್ಟಿನ ಜಾಗದಲ್ಲಿ ಒಂದು ಉಂಗುರ ಬಿಡಿ. ಕೆಸರು ಹಾರುವ ಜಾಗವಾದರೆ ತುದಿಗೆ ರಬ್ಬರ್ ಮುಚ್ಚಳ ಇರಲಿ. ಬಾಗಿಲು ಪೂರ್ತಿ ತೆರೆದಾಗ ಈ ಕೇಬಲ್ ಬಿಗಿಯಾಗಬಾರದು, ಹಾಕಿದಾಗ ಮಡಚಬಾರದು. ಎರಡೂ ಸ್ಥಿತಿಯಲ್ಲಿ ಎಳೆದು ನೋಡಿ. ಎರಡು ಬಾಗಿಲಿಗೂ ಮಾಡುವ ಜಾಗ ಇಲ್ಲದಿದ್ದರೆ ಒಂದಕ್ಕಾದರೂ ಮಾಡಲೇಬೇಕು.

ಕೆಲವರು ಕೇಬಲ್ ಬದಲು ಕಾರಿನಡಿ ಎರಡು ಗುಪ್ತ ಬ್ಯಾಟರಿ ಟರ್ಮಿನಲ್ ಬಿಡುತ್ತಾರೆ. ಬ್ಯಾಟರಿ ಡೌನ್ ಆದರೆ ಹೊರಗಿನಿಂದ ಜಂಪ್ ಕೊಟ್ಟು ತೆರೆಯಬಹುದು. ಇದು ಜೊತೆಗೆ ಇರಲಿ, ತಪ್ಪಿಲ್ಲ. ಪಾಸಿಟಿವ್‌ಗೆ ಫ್ಯೂಸ್ ಹಾಕಿ, ಟೋಪಿ ಮುಚ್ಚಿ. ಆದರೆ ಬಾಗಿಲೊಳಗಿನ ವೈರು ತುಂಡಾಗಿದ್ದರೆ, ರಿಲೇ ಸತ್ತಿದ್ದರೆ, ಎಷ್ಟು ಜಂಪ್ ಕೊಟ್ಟರೂ ಪ್ರಯೋಜನವಿಲ್ಲ. ಕೇಬಲ್‌ಗೆ ಕೇಬಲ್ಲೇ ಸಾಟಿ.

ಮೇಲಕ್ಕೆ ತೆರೆಯುವ ಗಲ್‌ವಿಂಗ್ ಬಾಗಿಲಿಗೆ ಇನ್ನೊಂದು ತೊಡಕಿದೆ. ಕಾರು ಮಗುಚಿದರೆ ಲ್ಯಾಚ್ ಬಿಟ್ಟರೂ ಬಾಗಿಲು ತೆರೆಯುವುದಿಲ್ಲ. ಮರ್ಸಿಡಿಸ್ ತನ್ನ ಎಸ್‌ಎಲ್‌ಎಸ್ ಕಾರಿನಲ್ಲಿ ಇದಕ್ಕಾಗಿಯೇ ಹಿಂಜ್‌ಗಳಿಗೆ ಚಿಕ್ಕ ಸ್ಫೋಟಕ ಬೋಲ್ಟ್ ಇಟ್ಟಿತ್ತು. ನಾವು ಅದನ್ನೆಲ್ಲ ಮಾಡಲಾಗದು. ಗಾಜು ಒಡೆಯುವ ಸುತ್ತಿಗೆಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಬಹುದು.

ಸೊಲೆನಾಯ್ಡ್ ಕೂರಿಸುವ ಜಾಗ

ಗಾಜು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಎರಡೂ ಸ್ಥಿತಿಯಲ್ಲಿ ಜಾಗ ನೋಡಿ. ಗಾಜಿನ ಕಂಬಿಯ ಹಿಂದೆ, ಲ್ಯಾಚ್‌ನ ಕೆಳಗೆ, ಸಾಮಾನ್ಯವಾಗಿ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಸಿಗುತ್ತದೆ. ದಪ್ಪ ರಟ್ಟಿನಲ್ಲಿ ಸೊಲೆನಾಯ್ಡ್‌ನ ಅಳತೆಯ ಡಬ್ಬಿ ಮಾಡಿ ಒಳಗಿಟ್ಟು ಗಾಜು ಆಡಿಸಿದರೆ ಎಲ್ಲಿ ತಾಗುತ್ತದೆ ಅಂತ ತಿಳಿಯುತ್ತದೆ.

ಎಳೆತ ನೇರವಾಗಿರಬೇಕು. ಲಿವರ್ ಯಾವ ದಿಕ್ಕಿಗೆ ಸರಿಯುತ್ತದೋ ಅದೇ ದಿಕ್ಕಿನಲ್ಲಿ ಕೇಬಲ್ ಬರಲಿ. ತಿರುವು ಬೇಕೇಬೇಕು ಅಂದರೆ ಹೊರಕವಚ ಇರುವ ಕೇಬಲ್ ಬಳಸಿ, ತಿರುವು ಅಗಲವಾಗಿರಲಿ. ದಿಂಡು ಓರೆಯಾಗಿ ಎಳೆದರೆ ಸುರುಳಿಯ ಗೋಡೆಗೆ ಉಜ್ಜಿ ಅರ್ಧ ಬಲ ಅಲ್ಲೇ ತಿನ್ನುತ್ತದೆ.

ದಿಂಡಿನ ದಿಕ್ಕಿನ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ಭಾರದ ಕಬ್ಬಿಣ. ಪಕ್ಕದಿಂದ ಗುದ್ದಿದಾಗ ಬಾಗಿಲು ಒಳಕ್ಕೆ ಹಾರುತ್ತದೆ, ದಿಂಡು ಇದ್ದಲ್ಲೇ ನಿಲ್ಲಲು ನೋಡುತ್ತದೆ. ಅದು ಅಡ್ಡಡ್ಡ ಕೂತಿದ್ದರೆ ಆ ಜಗ್ಗಾಟಕ್ಕೆ ತಾನೇ ಲ್ಯಾಚ್ ಎಳೆದುಬಿಡಬಹುದು. ಉದ್ದುದ್ದ ಕೂತಿದ್ದರೆ ಮುಂದಿನಿಂದ ಗುದ್ದಿದಾಗ ಅದೇ ಕಥೆ. ಸಾಧ್ಯವಾದರೆ ನಿಲುವಾಗಿ ಕೂರಿಸಿ. ದಿಂಡನ್ನು ಹಿಂದಕ್ಕೆ ಹಿಡಿಯುವ ಒಂದು ಸ್ಪ್ರಿಂಗ್ ಕೂಡ ಇರಲಿ. ಕೇಬಲ್‌ನಲ್ಲಿ ಬಿಟ್ಟ ಸಡಿಲ ಇಲ್ಲಿಯೂ ಕಾಪಾಡುತ್ತದೆ.

ಬಾಗಿಲಿನ ತಗಡು ತೆಳು. 20 ಕೆಜಿಯ ಜಗ್ಗಿಗೆ ಅದು ಬಾಗುತ್ತದೆ, ಎಳೆತ ಲ್ಯಾಚ್‌ಗೆ ಹೋಗುವ ಬದಲು ತಗಡಿಗೆ ಹೋಗುತ್ತದೆ. ಹಿಂದುಗಡೆ 3 ಮಿಲಿಮೀಟರಿನ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ, ನಟ್ ಸಡಿಲವಾಗದ ನೈಲಾನ್ ನಮೂನೆಯದ್ದಿರಲಿ. ಡ್ರಿಲ್ ಮಾಡುವಾಗ ಹೊರ ತಗಡಿಗೆ ಬಿಟ್ ತಾಗದಂತೆ ನಡುವೆ ಒಂದು ಮರದ ತುಂಡು ಇಡಿ. ಕೊರೆದ ತೂತಿನ ಅಂಚು ಅರದಿಂದ ಉಜ್ಜಿ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಪಾಪರ್

ಲ್ಯಾಚ್ ಬಿಟ್ಟರೆ ಸಾಲದು, ಬಾಗಿಲು ಹೊರಗೆ ಬರಬೇಕು. ಲ್ಯಾಚ್‌ಗೆ ಎರಡು ಹಲ್ಲಿರುತ್ತದೆ. ಸೊಲೆನಾಯ್ಡ್ ಎಳೆದಿರುವ ಅರ್ಧ ಸೆಕೆಂಡಿನೊಳಗೆ ಬಾಗಿಲು ಎರಡನೇ ಹಲ್ಲನ್ನೂ ದಾಟದಿದ್ದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಹ್ಯಾಂಡಲ್ ಇಲ್ಲ, ಬೆರಳು ತೂರುವ ಸಂದೂ ಇಲ್ಲ, ಸುಮ್ನೆ ನಿಂತು ನೋಡಬೇಕು.

ಪಾಪರನ್ನು ಲ್ಯಾಚ್ ಕಡೆಯ ಕಂಬದಲ್ಲಿ ಕೂರಿಸುವುದು ಒಳ್ಳೆಯದು. ಹಿಂಜ್ ಹತ್ತಿರ ಕೂರಿಸಿದರೆ ಅಷ್ಟೇ ಕೆಲಸಕ್ಕೆ ಎಷ್ಟೋ ಪಟ್ಟು ಬಲ ಬೇಕು. ಆದರೆ ಅದರ ಸ್ಪ್ರಿಂಗ್ ಬಲ ಜಾಸ್ತಿಯಾದಷ್ಟೂ ಬಾಗಿಲು ಹಾಕುವುದು ಕಷ್ಟ, ಲ್ಯಾಚ್ ಮೇಲಿನ ಒತ್ತಡವೂ ಜಾಸ್ತಿ, ಅಂದರೆ ಸೊಲೆನಾಯ್ಡ್‌ಗೂ ಭಾರ. ಹೊಸ ಬೀಡಿಂಗ್ ಇರುವ ಹಗುರ ಫೈಬರ್ ಬಾಗಿಲು ಕೆಲವೊಮ್ಮೆ ಪಾಪರ್ ಇಲ್ಲದೆಯೇ ಹೊರಗೆ ಬರುತ್ತದೆ. ಮೊದಲು ಅದಿಲ್ಲದೆ ನೋಡಿ. ಪಾಪರ್ ಹಾಕಿದ ಮೇಲೆ ತಕ್ಕಡಿಯ ಅಳತೆ ಇನ್ನೊಮ್ಮೆ ತೆಗೆದುಕೊಳ್ಳಿ.

ಫೈಬರ್ ಬಾಡಿಯಲ್ಲಿ ಪಾಪರ್‌ನ ತುದಿ ತಾಗುವ ಕಡೆ ಮತ್ತು ಅದು ಕೂರುವ ಕಡೆ, ಎರಡೂ ಕಡೆ ಉಕ್ಕಿನ ತಟ್ಟೆ ಕೊಡಿ. ಇಲ್ಲದಿದ್ದರೆ ದಿನಾ ಗುದ್ದಿ ಗುದ್ದಿ ಮೇಲಿನ ಬಣ್ಣದ ಪದರದಲ್ಲಿ ಜೇಡರ ಬಲೆಯಂಥ ಬಿರುಕು ಬೀಳುತ್ತದೆ.

ವೈರು ಮತ್ತು ಫ್ಯೂಸ್

ಇಂಥ ಸೊಲೆನಾಯ್ಡ್ ಒಂದು ಕ್ಷಣಕ್ಕೆ 30 ಆಂಪಿಯರ್ ಎಳೆದರೆ ಆಶ್ಚರ್ಯವಿಲ್ಲ. ಕ್ಷಣಕ್ಕೆ ತಾನೇ ಅಂತ ತೆಳು ವೈರು ಹಾಕಿದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡೋಣ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0175 ಓಮ್. ಬ್ಯಾಟರಿಯಿಂದ ಬಾಗಿಲಿಗೆ 3 ಮೀಟರ್, ವಾಪಸ್ 3 ಮೀಟರ್. 1.5 ಚದರ ಮಿಲಿಮೀಟರ್ ವೈರಾದರೆ ಒಟ್ಟು 0.07 ಓಮ್. 30 ಆಂಪಿಯರಿಗೆ 2.1 ವೋಲ್ಟ್ ದಾರಿಯಲ್ಲೇ ಖರ್ಚು. 4 ಚದರ ಮಿಲಿಮೀಟರ್ ಆದರೆ 0.8 ವೋಲ್ಟ್ ಮಾತ್ರ.

ಎರಡು ವೋಲ್ಟ್ ಹೋದರೆ ಏನು ಮಹಾ ಅನ್ನಬೇಡಿ. ಸೊಲೆನಾಯ್ಡ್‌ನ ಬಲ ಸುಮಾರಾಗಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 12 ವೋಲ್ಟ್ ಹೋಗಬೇಕಾದಲ್ಲಿ 10 ಹೋದರೆ ಬಲದಲ್ಲಿ ಶೇಕಡ 30ರಷ್ಟು ಮಾಯ. ಬ್ಯಾಟರಿ ಸ್ವಲ್ಪ ಇಳಿದಿರುವ ದಿನ ಬಾಗಿಲು ತೆರೆಯದಿರಲು ಅಷ್ಟು ಸಾಕು.

ಅರ್ತ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ಕೂಡ ಅಷ್ಟೇ ದಪ್ಪ ಇರಲಿ. ಹಿಂಜ್ ಮೂಲಕ ಅರ್ತ್ ಆಗುತ್ತದೆ ಅಂತ ಬಿಡಬೇಡಿ, ಗ್ರೀಸ್ ಮತ್ತು ಬಣ್ಣ ನಡುವೆ ಇರುತ್ತದೆ. ಫೈಬರ್ ಬಾಡಿಯಲ್ಲಂತೂ ಅರ್ತ್ ಎಂಬುದೇ ಇಲ್ಲ. ಚಾಸಿಸ್‌ವರೆಗೆ ಬೇರೆ ವೈರೇ ಎಳೆಯಬೇಕು.

ಬಾಡಿಯಿಂದ ಬಾಗಿಲಿಗೆ ವೈರು ದಾಟುವ ಜಾಗ ಅತಿ ಸೂಕ್ಷ್ಮ. ಮೊದಲೇ ರಬ್ಬರ್ ಕೊಳವೆ ಇದ್ದರೆ ಅದರಲ್ಲೇ ತೂರಿಸಿ. ಇಲ್ಲದಿದ್ದರೆ ಬಾಡಿಯ ತೂತು ಮತ್ತು ಬಾಗಿಲಿನ ತೂತು ಒಂದಕ್ಕೊಂದು ಎದುರಾಗದೆ ಸ್ವಲ್ಪ ಮೇಲೆ ಕೆಳಗೆ ಇರುವಂತೆ ಕೊರೆಯಿರಿ. ಬಾಗಿಲು ಹಾಕಿದಾಗ ವೈರು ಒಂದೇ ಕಡೆ ಮುರಿದು ಮಡಚುವ ಬದಲು ಮೆಲ್ಲಗೆ ತಿರುಚಿಕೊಳ್ಳುತ್ತದೆ. ತೆಳು ಎಳೆಗಳು ಜಾಸ್ತಿ ಇರುವ ವೈರೇ ಇಲ್ಲಿ ಬಾಳುವುದು. ಎರಡೂ ತೂತಿಗೆ ಗ್ರೊಮೆಟ್ ಇರಲಿ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಸೊಲೆನಾಯ್ಡ್ 30 ಆಂಪಿಯರ್ ಎಳೆಯುವುದಾದರೆ ನಾನು ಬಾಗಿಲಿಗೊಂದರಂತೆ 20 ಆಂಪಿಯರಿನ ಬ್ಲೇಡ್ ಫ್ಯೂಸ್ ಹಾಕುತ್ತೇನೆ. ವಿಚಿತ್ರ ಅನ್ನಿಸಬಹುದು. ಬ್ಲೇಡ್ ಫ್ಯೂಸ್ ಒಂದೂವರೆ ಪಟ್ಟು ಕರೆಂಟನ್ನು ಸಾಮಾನ್ಯವಾಗಿ ಅರ್ಧ ಸೆಕೆಂಡ್ ತಡೆದುಕೊಳ್ಳುತ್ತದೆ. ಆದರೆ ರಿಲೇ ಅಂಟಿಕೊಂಡು ಕರೆಂಟ್ ಹರಿಯುತ್ತಲೇ ಇದ್ದರೆ ಸುಟ್ಟು ಕಡಿತವಾಗುತ್ತದೆ. 30 ಆಂಪಿಯರ್ ಫ್ಯೂಸ್ ಹಾಕಿದರೆ ಅದು ಹೋಗುವುದೇ ಇಲ್ಲ, ಸೊಲೆನಾಯ್ಡ್ ಹೋಗುತ್ತದೆ. ಸುಮಾರು 350 ವಾಟ್ ಶಾಖ ಡೋರ್ ಟ್ರಿಮ್ ಹಿಂದೆ! ತಾನೇ ರೀಸೆಟ್ ಆಗುವ ಬ್ರೇಕರ್‌ಗಳು ಕೆಲವು ಕಿಟ್‌ಗಳಲ್ಲಿ ಬರುತ್ತವೆ. ರಿಲೇ ಅಂಟಿಕೊಂಡಾಗ ಅವು ಬಿಟ್ಟು ಬಿಟ್ಟು ಕರೆಂಟ್ ಕೊಡುತ್ತಲೇ ಇರುತ್ತವೆ. ನನಗೆ ಅವು ಹಿಡಿಸುವುದಿಲ್ಲ.

ರಿಲೇ ಕನೆಕ್ಷನ್

ರಿಸೀವರ್‌ನ ಔಟ್‌ಪುಟ್ ತೀರಾ ಬಡಪಾಯಿ, ಒಂದು ರಿಲೇಯ ಸುರುಳಿ ನಡೆಸುವಷ್ಟೇ ಶಕ್ತಿ. ಸೊಲೆನಾಯ್ಡನ್ನು ಅದಕ್ಕೆ ನೇರ ಕೊಟ್ಟರೆ ರಿಸೀವರ್ ಅಲ್ಲೇ ಸುಡುತ್ತದೆ. ಬಹಳಷ್ಟು ರಿಸೀವರ್‌ಗಳು ನೆಗೆಟಿವ್ ಪಲ್ಸ್ ಕೊಡುತ್ತವೆ, ಅಂದರೆ ಔಟ್‌ಪುಟ್ ವೈರನ್ನು ಒಂದು ಕ್ಷಣ ಅರ್ತ್‌ಗೆ ಕೂಡಿಸುತ್ತವೆ. ಕೆಳಗಿನ ಕ್ರಮ ಅಂಥದ್ದಕ್ಕೆ.

ಬಾಗಿಲಿನ ರಿಲೇ: ಫ್ಯೂಸ್‌ನಿಂದ ಬಂದ ದಪ್ಪ ವೈರು ಪಿನ್ 30ಕ್ಕೆ. ಪಿನ್ 87ರಿಂದ ದಪ್ಪ ವೈರು ಸೊಲೆನಾಯ್ಡ್‌ಗೆ, ಸೊಲೆನಾಯ್ಡ್‌ನ ಇನ್ನೊಂದು ತುದಿ ಅರ್ತ್‌ಗೆ. ಪಿನ್ 86ಕ್ಕೆ ಚಿಕ್ಕ ಫ್ಯೂಸ್ ಮೂಲಕ ಸದಾ ಇರುವ ಪಾಸಿಟಿವ್. ಪಿನ್ 85ಕ್ಕೆ ರಿಸೀವರ್‌ನ ನೆಗೆಟಿವ್ ಪಲ್ಸ್, ಆದರೆ ನೇರವಾಗಿ ಕೊಡಬೇಡಿ.

ನಡುವೆ ಇಗ್ನಿಷನ್ ಕಟ್ ರಿಲೇ ಬರುತ್ತದೆ. ಅದರ 86ಕ್ಕೆ ಇಗ್ನಿಷನ್ ಆನ್ ಆದಾಗ ಬರುವ ಪಾಸಿಟಿವ್, 85 ಅರ್ತ್‌ಗೆ. ರಿಸೀವರ್‌ನ ಪಲ್ಸ್ ವೈರು ಅದರ 30ಕ್ಕೆ. ಅದರ 87ಎ ಪಿನ್ನಿನಿಂದ ಬಾಗಿಲಿನ ರಿಲೇಯ 85ಕ್ಕೆ. ಇಗ್ನಿಷನ್ ಆಫ್ ಇರುವಾಗ 30 ಮತ್ತು 87ಎ ಕೂಡಿರುತ್ತವೆ, ರಿಮೋಟ್ ಕೆಲಸ ಮಾಡುತ್ತದೆ. ಇಗ್ನಿಷನ್ ಆನ್ ಆದರೆ ದಾರಿ ಕಡಿದುಹೋಗುತ್ತದೆ. ಕಾರು ಓಡುತ್ತಿರುವಾಗ ಜೇಬಿನಲ್ಲಿ ರಿಮೋಟ್ ಒತ್ತಿಕೊಂಡರೂ ಬಾಗಿಲು ಬಾಯಿ ಬಿಡುವುದಿಲ್ಲ. ಇದನ್ನು ಬಿಟ್ಟು ಓಪನರ್ ಹಾಕಲೇಬೇಡಿ. ಇಂಜಿನ್ ಓಡುತ್ತಿರುವಾಗ ಪಕ್ಕದ ಬಾಗಿಲು ರಿಮೋಟ್‌ನಿಂದ ತೆರೆಯಬೇಕು ಅನ್ನುವವರೂ ಇದ್ದಾರೆ. ಒಳ ಹ್ಯಾಂಡಲ್ ಇದೆಯಲ್ಲ, ಕೂತವರು ತೆರೆಯಲಿ.

ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮರೆಯಬೇಡಿ. ಸುರುಳಿಗೆ ಕರೆಂಟ್ ನಿಂತ ಕ್ಷಣ ಉಲ್ಟಾ ವೋಲ್ಟೇಜ್ ಚಿಮ್ಮುತ್ತದೆ, ಅದು ರಿಸೀವರ್‌ನ ಪ್ರಾಣ ತೆಗೆಯುತ್ತದೆ. ಬಾಗಿಲಿನ ರಿಲೇಯ 85–86 ನಡುವೆ ಒಂದು 1ಎನ್4007, ಬಿಳಿ ಗೆರೆ 86ರ ಕಡೆಗೆ. ಸೊಲೆನಾಯ್ಡ್‌ನ ಎರಡು ತುದಿಗೂ 1ಎನ್5408 ಥರದ ದಪ್ಪ ಡಯೋಡ್, ಗೆರೆ ಪಾಸಿಟಿವ್ ಕಡೆಗೆ. ತಿರುಗುಮುರುಗಾಗಿ ಹಾಕಿದರೆ ಶಾರ್ಟ್ ಆಗುತ್ತದೆ, ಹುಷಾರು.

ರಿಸೀವರ್

ಡ್ಯಾಶ್‌ಬೋರ್ಡ್ ಒಳಗೆ, ಮೇಲೆ, ಒದ್ದೆಯಾಗದ ಜಾಗ. ಇಂಥ ರಿಮೋಟ್‌ಗಳು ಹೆಚ್ಚಾಗಿ 315 ಅಥವಾ 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ನಿಮ್ಮಲ್ಲಿ ಅನುಮತಿ ಇರುವುದನ್ನೇ ಕೊಳ್ಳಿ. ನೇತಾಡುವ ಆಂಟೆನಾ ವೈರನ್ನು ಉದ್ದ ಅನ್ನಿಸಿತೆಂದು ಕತ್ತರಿಸಬೇಡಿ. 433 ಮೆಗಾಹರ್ಟ್ಸ್‌ನ ಕಾಲು ತರಂಗದ ಉದ್ದ ಸುಮಾರು 17 ಸೆಂಟಿಮೀಟರ್. ಅಳತೆ ಹೆಚ್ಚುಕಮ್ಮಿಯಾದರೆ ರೇಂಜ್ ಬೀಳುತ್ತದೆ. ಸುತ್ತಿಡದೆ ನೇರವಾಗಿ ಬಿಡಿ. ಫೈಬರ್ ಗ್ಲಾಸ್ ಬಾಡಿ ರೇಡಿಯೊ ಅಲೆಗೆ ಅಡ್ಡಿ ಮಾಡುವುದಿಲ್ಲ. ಕಾರ್ಬನ್ ಫೈಬರ್ ಲೋಹದ ಹಾಗೇ ತಡೆಯುತ್ತದೆ, ಅಲ್ಲಿ ಆಂಟೆನಾ ಗಾಜಿನ ಹತ್ತಿರ ಬರಲಿ.

ಪಲ್ಸ್ ಅರ್ಧ ಸೆಕೆಂಡ್ ಇದ್ದರೆ ಸಾಕು. ಬಟನ್ ಹಿಡಿದಷ್ಟು ಹೊತ್ತು ಔಟ್‌ಪುಟ್ ಕೊಡುವ ರಿಸೀವರ್ ಬೇಡ.

ಕೊಳ್ಳುವಾಗ ಸ್ಟ್ಯಾಂಡ್‌ಬೈ ಕರೆಂಟ್ ಕೇಳಿ. 10 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.24 ಆಂಪಿಯರ್ ಅವರ್, ತಿಂಗಳಿಗೆ 7ಕ್ಕೂ ಜಾಸ್ತಿ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಸ್ಪೋರ್ಟ್ಸ್ ಕಾರಿನ ಚಿಕ್ಕ ಬ್ಯಾಟರಿಗೆ ಇದು ದೊಡ್ಡ ಮೊತ್ತ. ಹಾಗೆ ನಿಲ್ಲಿಸುವುದಾದರೆ ಮೇಂಟೆನರ್ ಚಾರ್ಜರ್ ಹಾಕಿಡಿ.

ಟೆಸ್ಟಿಂಗ್

ಬ್ಯಾಟರಿ ಮತ್ತೆ ಜೋಡಿಸಿ. ಬಾಗಿಲು ತೆರೆದೇ ಇರಲಿ. ಗಾಜು ಇಳಿದಿರಲಿ. ಸ್ಕ್ರೂಡ್ರೈವರ್‌ನಿಂದ ಕೊಂಡಿ ತಿರುಗಿಸಿ ಲಾಕ್ ಮಾಡಿ, ರಿಮೋಟ್ ಒತ್ತಿ. ಬಿಟ್ಟಿತಾ? ಒಂದು ಹತ್ತು ಸಲ ಮಾಡಿ, ನಡುನಡುವೆ ಸೊಲೆನಾಯ್ಡ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಆರಲು ಬಿಡಿ. ಬಿಸಿಯಾದ ತಾಮ್ರಕ್ಕೆ ಓಮ್ ಜಾಸ್ತಿ, ಎಳೆತ ಕಡಿಮೆ.

ಇಗ್ನಿಷನ್ ಆನ್ ಮಾಡಿ ರಿಮೋಟ್ ಒತ್ತಿ. ಏನೂ ಆಗಬಾರದು.

ಈಗ ಬ್ಯಾಟರಿ ಕಳಚಿ, ಮತ್ತೆ ಲಾಕ್ ಮಾಡಿ, ಕೈ ಕೇಬಲ್ ಎಳೆಯಿರಿ. ಇದು ಪಾಸಾದ ಮೇಲೆ ಮಾತ್ರ ಬಾಗಿಲು ಹಾಕಬೇಕು, ಅದೂ ಗಾಜು ಇಳಿಸಿಟ್ಟೇ. ಬಾಗಿಲು ಹಾಕಿ ಒಳಗಿನಿಂದ ಒಮ್ಮೆ, ಹೊರಗಿನ ಉಂಗುರದಿಂದ ಒಮ್ಮೆ, ಬ್ಯಾಟರಿ ಮತ್ತೆ ಜೋಡಿಸಿ ರಿಮೋಟ್‌ನಿಂದ ಒಮ್ಮೆ. ಡೋರ್ ಟ್ರಿಮ್ ಇನ್ನೂ ಹಾಕಬೇಡಿ. ಒಂದಿಷ್ಟು ದಿನ ಹಾಗೇ ಓಡಿಸಿ. ಸದ್ದು, ಉಜ್ಜಾಟ, ಸಡಿಲ ಎಲ್ಲ ಆಗಲೇ ಗೊತ್ತಾಗುವುದು.

ಕೆಲಸ ಮಾಡದಿದ್ದರೆ ಕಿವಿ ಕೊಡಿ. ರಿಲೇ ಟಿಕ್ ಅನ್ನುವುದೂ ಇಲ್ಲವೆಂದರೆ ತೊಂದರೆ ರಿಸೀವರ್ ಅಥವಾ ಇಗ್ನಿಷನ್ ಕಟ್ ಕಡೆ. ರಿಲೇ ಟಿಕ್ ಅಂದು ಸೊಲೆನಾಯ್ಡ್ ಸುಮ್ಮನಿದ್ದರೆ ದಪ್ಪ ವೈರಿನ ಫ್ಯೂಸ್, ಲಗ್, ಅರ್ತ್ ನೋಡಿ. ಸೊಲೆನಾಯ್ಡ್ ಠಕ್ ಅಂದರೂ ಬಾಗಿಲು ಬಿಡದಿದ್ದರೆ ಒಬ್ಬರು ರಿಮೋಟ್ ಒತ್ತಲಿ, ನೀವು ಮಲ್ಟಿಮೀಟರ್‌ನ ಕಡ್ಡಿಗಳನ್ನು ಸೊಲೆನಾಯ್ಡ್‌ನ ಎರಡು ತುದಿಗೇ ಹಿಡಿಯಿರಿ. ಎಳೆಯುವ ಹೊತ್ತಿನಲ್ಲಿ 10ಕ್ಕಿಂತ ಕೆಳಗೆ ಬಿದ್ದರೆ ದಾರಿಯಲ್ಲೆಲ್ಲೋ ವೋಲ್ಟೇಜ್ ಖರ್ಚಾಗುತ್ತಿದೆ, ಅಥವಾ ಬ್ಯಾಟರಿಯೇ ದಣಿದಿದೆ. ವೋಲ್ಟೇಜ್ ಸರಿಯಿದ್ದರೆ ಕೇಬಲ್‌ನ ಸಡಿಲ ಮತ್ತು ಎಳೆತದ ದಿಕ್ಕು ತಿದ್ದಿ. ಬಾಗಿಲು ಬಿಟ್ಟು ಮತ್ತೆ ಅರ್ಧಕ್ಕೆ ಸಿಕ್ಕಿಕೊಂಡರೆ ಪಾಪರ್ ಸಾಲದು.

ಹೊಸ ಕೇಬಲ್ ಮೊದಲ ತಿಂಗಳಲ್ಲಿ ಸ್ವಲ್ಪ ಹಿಗ್ಗುತ್ತದೆ, ಆಗ ಒಮ್ಮೆ ಸಡಿಲ ನೋಡಿ ಸರಿಮಾಡಿ. ಲ್ಯಾಚ್‌ಗೆ ವರ್ಷಕ್ಕೊಮ್ಮೆ ಗ್ರೀಸ್ ಹಾಕುವಾಗ ಹೊರಗಿನ ತುರ್ತು ಕೇಬಲನ್ನೂ ಎಳೆದು ನೋಡಿ. ಬಳಸದ ಕೇಬಲ್ ಒಳಗೇ ತುಕ್ಕು ಹಿಡಿದು ಕೂರುತ್ತದೆ. ಕಾರನ್ನು ಸರ್ವಿಸ್‌ಗೆ ಬಿಡುವಾಗ ಆ ಉಂಗುರ ಎಲ್ಲಿದೆ ಅಂತ ಮೆಕ್ಯಾನಿಕ್‌ಗೆ ತೋರಿಸಿಯೇ ಬನ್ನಿ. ಅವರು ಮಾಡುವ ಮೊದಲ ಕೆಲಸ ಬ್ಯಾಟರಿ ಕಳಚುವುದು, ಎರಡನೆಯದು ಬಾಗಿಲು ಹಾಕುವುದು.